ಒಂದು ರಸಬಾಳೆ ತೂಕದ ಬೆರಳು

ನಾನು ಬಿದ್ದದ್ದು ಅಕ್ಟೋಬರ್ ಮೂರರಂದು, ನಿಂತಿದ್ದ ಸ್ಕೂಟರಿನಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೈ ಮುರಿದ ಸುದ್ದಿ ಕೇಳಿದವರೆಲ್ಲ ತಪ್ಪದೆ ಕೇಳುವುದು "ಎಷ್ಟ್ ಸ್ಪೀಡಲ್ಲಿದ್ದೆ?" ಎಂದೇ. ಸೊನ್ನೆ. ನಂಜನಗೂಡಿನ ರೈಲ್ವೆ ಗೇಟು ಹಾಕಿತ್ತು. ಎಂಜಿನ್ ಆಫ್ ಮಾಡಿ, ಕಾಲೂರಿ ನಿಂತು, ಹಾದುಹೋಗುತ್ತಿದ್ದ ರೈಲಿನ ಬೋಗಿಗಳನ್ನು ಎಣಿಸುತ್ತಿದ್ದೆ. ಕೊನೆಯದು ಸರಿಯಾಗಿ ಕಾಣಲೆಂದು ಸ್ವಲ್ಪ ಪಕ್ಕಕ್ಕೆ ಬಾಗಿದೆ. ಸ್ಕೂಟರೂ ನನ್ನ ಜೊತೆ ಬಾಗಿತು. ಎಡಗೈ ಊರಿದೆ, ಮಣಿಕಟ್ಟು ಮುರಿಯಿತು.

ಹಿಂದೆ ನಿಂತಿದ್ದ ಹಾಲಿನ ಗಾಡಿಯವರು ಎತ್ತಿ ಕೂರಿಸಿ, ಸುತ್ತ ಸೇರಿದ್ದ ಜನರನ್ನೊಮ್ಮೆ ನೋಡಿ, ಮೆಲ್ಲಗೆ ಹೇಳಿದರು: "ರೈಲೇ ಗುದ್ದುದ್ದು ಅಂದ್ಬುಡವ್ವ, ಮರ್ವಾದೆನಾದ್ರೂ ಉಳೀತದೆ."

ಎಣಿಸುವುದು ನನ್ನ ಕೆಲಸವೂ ಹೌದು, ಚಟವೂ ಹೌದು. ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ದಿನವಿಡೀ ಡಬ್ಬಿಗಳ ತೂಕ ನೋಡಿ ಬರೆಯುತ್ತೇನೆ. ಮನೆಗೆ ಬಂದ ಮೇಲೆ ಉಳಿದದ್ದನ್ನೆಲ್ಲ ಡೈರಿಯಲ್ಲಿ ಬರೆಯುತ್ತೇನೆ: ಎಷ್ಟು ದೋಸೆ ತಿಂದೆ, ಎಷ್ಟು ಸಲ ಕರೆಂಟು ಹೋಯಿತು, ಗಿಟಾರಿನಲ್ಲಿ ಎಷ್ಟು ಕಡೆ ತಪ್ಪಿದೆ. ಗಿಟಾರಿನ ಲೆಕ್ಕ ಕಾಲೇಜಿನ ದಿನಗಳಿಂದಲೂ ಇದೆ. ಆರೂ ತಂತಿಗಳನ್ನು ತೋರುಬೆರಳೊಂದರಿಂದಲೇ ಅಡ್ಡಲಾಗಿ ಒತ್ತಿ ಹಿಡಿಯುವ ಎಫ್ ಕಾರ್ಡ್ ನನಗೆ ಸಿದ್ಧಿಸಲು ಎರಡು ವರ್ಷ ಬೇಕಾಯಿತು. ಅದು ಮೊದಲ ಸಲ ಒಡಕಿಲ್ಲದೆ ನುಡಿದ ದಿನ ಅಮ್ಮನಿಗೆ ಕೇಸರಿಬಾತ್ ಮಾಡಲು ಹೇಳಿದ್ದೆ. "ಪಾಸಾದ್ಯಾ?" ಎಂದು ಕೇಳಿದ್ದಳು. ಹೌದು ಎಂದಿದ್ದೆ.

ಬಿದ್ದಾಗ ನೋವಿಗಿಂತ ಮೊದಲು ನೆನಪಾದದ್ದು ಅಕ್ಕ. ದೊಡ್ಡಮ್ಮನ ಮಗಳು, ತಿ. ನರಸೀಪುರದವಳು, ಆಗ ಎಂಟು ತಿಂಗಳ ಬಸುರಿ. ಜೂನ್‌ನಿಂದ ದಿನಾ ಸಂಜೆ ಫೋನಿನಲ್ಲಿ ಅವಳಿಗೊಂದು ಜೋಗುಳದ ಧಾಟಿ ನುಡಿಸುತ್ತಿದ್ದೆ. ದೊಡ್ಡಮ್ಮ ಹಾಡುವ ಹಳೆಯ ಧಾಟಿಯನ್ನೇ ಗಿಟಾರಿಗೆ ಹೊಂದಿಸಿಕೊಂಡದ್ದು ಅದು. ಪ್ರತಿ ಸಾಲಿನ ಕೊನೆಯಲ್ಲಿ ಉಂಗುರದ ಬೆರಳು ಒಂದು ತಂತಿಯನ್ನು ಒತ್ತಿ ಬಿಡುತ್ತದೆ, ಸ್ವರ ಒಮ್ಮೆ ಮೇಲೆ ಹೋಗಿ ಇಳಿಯುತ್ತದೆ. ಅಷ್ಟೇ. ಅಕ್ಕ ಅದಕ್ಕೆ 'ತೂಗು' ಎಂದು ಹೆಸರಿಟ್ಟಿದ್ದಳು. ಫೋನನ್ನು ಹೊಟ್ಟೆಯ ಮೇಲಿಟ್ಟುಕೊಂಡು ಕೇಳುತ್ತಿದ್ದವಳು ತೂಗು ಬಂದ ಕೂಡಲೇ ಕಿರುಚುತ್ತಿದ್ದಳು:

"ಒದೀತು ಕಣೇ! ಇನ್ನೊಂದ್ಸಲ ಬಾರ್ಸು!"

ಮಗುವಿನ ತೊಟ್ಟಿಲು ಶಾಸ್ತ್ರದ ದಿನ ಎದುರಿಗೆ ಕೂತು ನುಡಿಸುತ್ತೇನೆಂದು ಮಾತು ಕೊಟ್ಟಿದ್ದೆ. ಮಗು ಗುರುತು ಹಿಡಿಯುತ್ತದೋ ಇಲ್ಲವೋ ನೋಡೋಣ ಎಂದು ಅಕ್ಕ ಕಾದಿದ್ದಳು. ಭಾವ ಕಾದಿರಲಿಲ್ಲ. ನನ್ನ ಕೈಗೆ ಪಟ್ಟಿ ಬಿದ್ದ ವಾರವೇ ಸೂಟ್‌ಕೇಸಿನಷ್ಟು ದೊಡ್ಡ ಬ್ಲೂಟೂತ್ ಸ್ಪೀಕರ್ ತಂದು, ಅದರ ಫೋಟೊ ಕಳಿಸಿ, ಫೋನೂ ಮಾಡಿದರು.

"ನಿಮ್ಮ ಗಿಟಾರು ಮೆಡಿಕಲ್ ಲೀವ್ ಆಕುದ್ರೂ ಯೋಚ್ನೆ ಮಾಡ್ಬೇಡಿ ನಾದಿನಿಯವ್ರೇ. ನಮ್ಮೋನು ಡ್ಯೂಟಿಗೆ ರೆಡಿ. ಲೈಟೂ ಬತ್ತದೆ ಇದ್ರಲ್ಲಿ, ಕೆಂಪು, ನೀಲಿ!"

"ಜೋಗುಳಕ್ಕೆ ಲೈಟ್ಯಾಕೆ ಭಾವ?"

"ಮಲಗ್ಲಿಲ್ಲ ಅಂದ್ರೆ ಡ್ಯಾನ್ಸಾದ್ರೂ ಮಾಡ್ಲಿ ಅಂತ."

ನವೆಂಬರ್ ಮೊದಲ ವಾರ ಮಗು ಹುಟ್ಟಿತು, ಹೆಣ್ಣು. ತಿಂಗಳ ಮಧ್ಯದಲ್ಲಿ ನನ್ನ ಪಟ್ಟಿ ಬಿಚ್ಚಿದರು. ಒಳಗಿನಿಂದ ಹೊರಬಂದದ್ದು ನನ್ನ ಕೈಯಂತಿರಲಿಲ್ಲ, ಬಿಸಿಲಿಗೆ ಬಿದ್ದ ನುಗ್ಗೆಕಾಯಿಯಂತಿತ್ತು. ಮಡಚು ಎಂದರೆ ಬೆರಳುಗಳು ಅರ್ಧ ದಾರಿಯಲ್ಲಿ ನಿಂತು ಯೋಚಿಸುತ್ತಿದ್ದವು. ಮನೆಗೆ ಬಂದವಳೇ ಗಿಟಾರ್ ತೆಗೆದೆ. ತೋರುಬೆರಳು, ನಡುಬೆರಳು ಹೇಗೋ ತಂತಿ ಮುಟ್ಟಿದವು. ಉಂಗುರದ ಬೆರಳು ತಂತಿಯ ಮೇಲೆ ಕೂತಿತು, ಒತ್ತಲಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕವರಂತೆ ಸುಮ್ಮನೆ ಕೂತೇ ಇತ್ತು. ಕಿರುಬೆರಳಂತೂ ಬಸ್ಸನ್ನೇ ಹತ್ತಲಿಲ್ಲ. ಬಂದ ಸದ್ದು 'ಟಪ್'. ಅಡುಗೆಮನೆಯಿಂದ ಅಮ್ಮ, "ಹಲ್ಲಿ ಬಿತ್ತಾ?" ಎಂದು ಕೂಗಿದಳು.

ಆ ರಾತ್ರಿ ಡೈರಿಯಲ್ಲಿ ಏನೂ ಬರೆಯಲಿಲ್ಲ. ಅಂಥ ರಾತ್ರಿಗಳು ಕಡಿಮೆ.

ಫಿಜಿಯೋಥೆರಪಿಸ್ಟ್ ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಗಂಭೀರ ಮುಖದಲ್ಲೇ ತಮಾಷೆ ಮಾಡುವ ಹೆಂಗಸು. ಬಿಸಿನೀರಿನಲ್ಲಿ ಕೈ ಇಡುವುದು, ಸ್ಪಂಜಿನ ಚೆಂಡು ಹಿಸುಕುವುದು, ಹೆಬ್ಬೆರಳನ್ನು ಒಂದೊಂದೇ ಬೆರಳಿನ ತುದಿಗೆ ಮುಟ್ಟಿಸಿ ಚಿವುಟುವಂತೆ ಒತ್ತುವುದು, ಇಷ್ಟು ಹೇಳಿಕೊಟ್ಟರು. ಜೊತೆಗೊಂದು ನಿಯಮ: "ಮಾಡುವಾಗ ಸ್ವಲ್ಪ ನೋವಾದ್ರೆ ಪರವಾಗಿಲ್ಲ. ಮಾರನೇ ದಿನ ಬೆಳಿಗ್ಗೆಯೂ ನೋವಿದ್ರೆ ನೀವು ಜಾಸ್ತಿ ಮಾಡಿದ್ದೀರಿ ಅಂತ ಅರ್ಥ. ತಿಳೀತಾ?" ನಾನು ಅದನ್ನು ಬರೆದುಕೊಂಡು ಕೆಳಗೆ ಗೆರೆಯನ್ನೂ ಎಳೆದೆ. ಗೆರೆ ಎಳೆದ ಮಾತನ್ನು ಮತ್ತೆ ಓದಬೇಕೆಂದು ನನಗೆ ತೋಚುವುದಿಲ್ಲ.

ಅಳತೆಯಿಲ್ಲದೆ ನನಗೆ ಏನೂ ಸಾಗದು. ಅಮ್ಮನ ಅಡುಗೆಮನೆಯ ತಕ್ಕಡಿ, ಸಂಖ್ಯೆ ತೋರಿಸುವ ಆ ಚಪ್ಪಟೆಯದು, ಅದರ ಮೇಲೆ ಒಂದೊಂದೇ ಬೆರಳಿಟ್ಟು ಒತ್ತಿ ನೋಡಿದೆ. ಗ್ರಾಮುಗಳು ಮನಸ್ಸಿಗೆ ಹತ್ತಲಿಲ್ಲ. ಮೇಜಿನ ಮೇಲಿದ್ದ ರಸಬಾಳೆ ಹಣ್ಣೊಂದನ್ನು ತೂಗಿದೆ. ಉಂಗುರದ ಬೆರಳಿನ ಬಲ ಸರಿಯಾಗಿ ಒಂದು ರಸಬಾಳೆ. ಕಿರುಬೆರಳು ಅರ್ಧ, ಅದೂ ಸಿಪ್ಪೆ ಸುಲಿದದ್ದು. ಬಲಗೈಯ ಉಂಗುರದ ಬೆರಳು ಒಂದು ಚಿಪ್ಪನ್ನೇ ಮೀರಿಸಿತು. ಗಿಟಾರಿನ ತಂತಿ ಕೇಳುವುದು, ನನ್ನ ಅಂದಾಜಿನಲ್ಲಿ, ಅರ್ಧ ಚಿಪ್ಪು.

"ತೂಕ ಆಗಿದ್ರೆ ಹಣ್ಣು ಕೊಡು, ರಸಾಯನಕ್ಕೆ ಬೇಕು" ಎಂದಳು ಅಮ್ಮ.

ಇನ್ನು ಅವರೆಕಾಯಿಯ ವಿಷಯ. ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಯಾರ ಮನೆಗೆ ಹೋದರೂ ಸೊಗಡವರೆಯ ವಾಸನೆ. ಕಾಳನ್ನು ರಾತ್ರಿ ನೀರಿಗೆ ಹಾಕಿ, ಬೆಳಿಗ್ಗೆ ಒಂದೊಂದನ್ನೇ ಹೆಬ್ಬೆರಳಿಗೂ ಇನ್ನೊಂದು ಬೆರಳಿಗೂ ನಡುವೆ ಹಿಡಿದು ಹಿದುಕಬೇಕು. ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ. ಹಿದುಕಿದ ಬೇಳೆ ಸಾರನ್ನು ಎಲ್ಲರೂ ಹೊಗಳುತ್ತಾರೆ, ಹಿದುಕಲು ಕೂರುವವರು ಮಾತ್ರ ಸಿಗುವುದಿಲ್ಲ. ಒಂದು ಬೆಳಿಗ್ಗೆ ಅಮ್ಮ ಹಿದುಕುತ್ತಿದ್ದುದನ್ನು ನೋಡುತ್ತಾ ನಿಂತೆ. ಫಿಜಿಯೋಥೆರಪಿಸ್ಟ್ ಹೇಳಿಕೊಟ್ಟದ್ದೇ ಅದು! ಅದೇ ಚಿವುಟು, ಅದೇ ಒತ್ತು. ಚೆಂಡು ಹಿಸುಕಿದರೆ ಚೆಂಡೇ ಉಳಿಯುತ್ತದೆ, ಇಲ್ಲಿ ಸಾರಾದರೂ ಆಗುತ್ತದೆ.

ಪಕ್ಕದಲ್ಲಿ ಕೂತು ಎಡಗೈಯಲ್ಲಿ ಶುರು ಮಾಡಿದೆ. ತೋರುಬೆರಳಿನ ಕಾಳು ಅಮ್ಮನ ಪಾತ್ರೆಗೆ ನೆಟ್ಟಗೆ ಬಿತ್ತು. ನಡುಬೆರಳಿನದು ಅಮ್ಮನ ಕನ್ನಡಕಕ್ಕೆ. ಉಂಗುರದ ಬೆರಳಿನ ಮೊದಲ ಕಾಳು ಮಾತ್ರ ಅಲ್ಲಾಡಲಿಲ್ಲ. ಕಣ್ಣು ಮುಚ್ಚಿ ಒತ್ತಿದೆ. ಬಹಳ ಹೊತ್ತಿನ ಮೇಲೆ, ಮದುವೆಗೆ ಒಲ್ಲದ ಹುಡುಗಿ ಕೋಣೆಯಿಂದ ಹೊರಬರುವಂತೆ, ಬೇಳೆ ನಿಧಾನವಾಗಿ ಸಿಪ್ಪೆಯಿಂದ ಇಣುಕಿತು. ಡೈರಿಯಲ್ಲಿ ಹೊಸ ಪುಟ, ನಾಲ್ಕು ಬೆರಳಿಗೆ ನಾಲ್ಕು ಕಾಲಂ.

ಎರಡು ವಾರದಲ್ಲಿ ಉಂಗುರದ ಬೆರಳು ಮೂರು ರಸಬಾಳೆಗೆ ಬಂತು. ನಮ್ಮ ಮನೆಯವರಿಗೆ ಸಾರು ಸಾಕಾಯಿತು. ಆದರೆ ಸುದ್ದಿ ಬೀದಿಗೆ ಹರಡಿತ್ತು. ಎದುರು ಮನೆಯ ಆಂಟಿ ಒಂದು ಭಾನುವಾರ ಬೆಳಿಗ್ಗೆ ದೊಡ್ಡ ಬೇಸಿನ್ ತುಂಬ ನೆನೆದ ಕಾಳು ತಂದಿಟ್ಟರು.

"ಎಂಗೂ ಎಕ್ಸೈಜ್ ಮಾಡ್ತೀಯಲ್ಲಮ್ಮ. ನಮ್ದೂ ಒಸಿ ಮಾಡ್ಕೊಟ್ಬುಡು, ಬೆರಳ್ಗೂ ಒಳ್ಳೇದು."

ಅವರ ಹಿಂದೆಯೇ ಅವರ ವಾರಗಿತ್ತಿ, ಇನ್ನೊಂದು ಬೇಸಿನ್ನಿನೊಡನೆ. ಅಮ್ಮ ಬೇಡವೆನ್ನಲು ಬಾಯಿ ತೆರೆಯುವ ಮೊದಲೇ ನಾನು "ಇಡಿ ಆಂಟಿ" ಎಂದಿದ್ದೆ. ಅವರ ಮೇಲಿನ ಕನಿಕರದಿಂದ ಹೇಳಿದ್ದಲ್ಲ. ಉಂಗುರದ ಬೆರಳಿನ ಕಾಲಮ್ಮಿನಲ್ಲಿ ಅಲ್ಲಿಯವರೆಗಿನ ದಾಖಲೆ ನೂರಿಪ್ಪತ್ತು ಕಾಳು. ಎರಡು ಬೇಸಿನ್ ಎಂದರೆ ಸಾವಿರ ದಾಟಬಹುದೆಂದು ಆಸೆಯಾಯಿತು.

ದಾಟಿದೆ. ಸಂಜೆಯ ಹೊತ್ತಿಗೆ ಆಂಟಿ ಬಂದು ಬೇಸಿನ್ ನೋಡಿ, "ಮಿಸೀನು ಕಣ್ರೀ ನಿಮ್ಮ ಮಗ್ಳು!" ಎಂದು ಅಮ್ಮನಿಗೆ ಹೇಳಿ ಹೋದರು. ಮಿಷಿನ್ ಮಾರನೇ ಬೆಳಿಗ್ಗೆ ಎದ್ದಾಗ ಕೈ ಪೂರಿಯಂತೆ ಊದಿತ್ತು. ಲೋಟ ಹಿಡಿಯಲಾಗಲಿಲ್ಲ. ಬಲಗೈಯಲ್ಲಿ ತಕ್ಕಡಿ ಎಳೆದುಕೊಂಡು ಒತ್ತಿದೆ: ಮತ್ತೆ ಒಂದು ರಸಬಾಳೆ. ಅದೂ ಚಿಕ್ಕದು.

ಫಿಜಿಯೋಥೆರಪಿಸ್ಟ್ ಕೈ ನೋಡಿದರು, ಡೈರಿ ನೋಡಿದರು, ಮತ್ತೆ ಕೈ ನೋಡಿದರು.

"ಸಾವಿರದ ನಲವತ್ತು. ಇದೇನು ಜಿಲ್ಲಾ ಮಟ್ಟದ ಸ್ಪರ್ಧೆನಾ?"

"ಜಾಸ್ತಿ ಮಾಡಿದ್ರೆ ಬೇಗ ಬಲ ಬರುತ್ತೆ ಅಂದ್ಕೊಂಡೆ ಮೇಡಂ."

"ಸೊಪ್ಪಿಗೆ ಒಂದೇ ದಿನ ಹತ್ತು ಬಿಂದಿಗೆ ನೀರು ಹಾಕಿದ್ರೆ ಹತ್ತು ದಿನದ ಬೆಳೆ ಬರುತ್ತಾ? ಒಂದು ವಾರ ಗಿಟಾರೂ ಇಲ್ಲ, ಅವರೆಕಾಳೂ ಇಲ್ಲ. ಎಣಿಸದೆ ಇರೋಕೆ ಆಗಲ್ಲ ಅಂದ್ರೆ ಬಿಡುವನ್ನ ಎಣಿಸಿ. ಎಷ್ಟು ಹೊತ್ತು ಸುಮ್ನಿದ್ರಿ, ಅದನ್ನ ಬರ್ಕೊಂಡು ಬನ್ನಿ."

ತೊಟ್ಟಿಲು ಶಾಸ್ತ್ರ ಜನವರಿ ಕೊನೆಯ ಭಾನುವಾರಕ್ಕೆ ಗೊತ್ತಾಗಿತ್ತು. ನಾಲ್ಕೇ ವಾರ. ಅದರಲ್ಲಿ ಒಂದನ್ನು ಎದುರು ಮನೆಯ ಸಾರಿಗೆ ಹಾಕಿ ಕುದಿಸಿದ್ದೆ. ಸುಮ್ಮನಿರುವುದನ್ನು ಎಣಿಸುವುದು ಎಷ್ಟು ಕಷ್ಟವೆಂದು ಆ ವಾರ ತಿಳಿಯಿತು. ಸುಮ್ಮನಿದ್ದ ಗಂಟೆಗಳ ಕಾಲಮ್ಮಿನ ಪಕ್ಕದಲ್ಲಿ 'ಸುಮ್ಮನಿರುವಾಗ ಅಂದುಕೊಂಡದ್ದು' ಎಂಬ ಇನ್ನೊಂದು ಕಾಲಂ ತಾನಾಗಿ ಹುಟ್ಟಿತು. ಅದರಲ್ಲಿ ಹೆಚ್ಚು ಸಲ ಬಂದ ಸಾಲು: ಇನ್ನು ಮೇಲೆ ಆಗುವುದೇ ಇಲ್ಲವೇನೋ.

ಕೈಯ ಊತ ಇಳಿದ ಮೇಲೆ ಗಿಟಾರಿನೊಡನೆ ಚೌಕಾಸಿಗೆ ಕೂತೆ. ನನ್ನ ಬೆರಳು ಬಲಿಯುವವರೆಗೆ ನೀನು ಸ್ವಲ್ಪ ಮೆತ್ತಗಾಗು ಎಂದು. ದಪ್ಪ ತಂತಿ ತೆಗೆದು ತೆಳು ತಂತಿ ಹಾಕಿದೆ. ಶ್ರುತಿಯನ್ನು ಒಂದು ಸ್ವರದಷ್ಟು ಇಳಿಸಿದೆ. ತಂತಿಗಳು ಮಧ್ಯಾಹ್ನ ಊಟವಾದವರಂತೆ ಸಡಿಲವಾದವು. ಗಿಟಾರಿನ ಕುತ್ತಿಗೆಯ ಮೇಲೆ ಕೇಪೋ ಹಾಕಿದೆ. ಅದೊಂದು ಸ್ಪ್ರಿಂಗಿನ ಕ್ಲಿಪ್ಪು, ಆರೂ ತಂತಿಗಳನ್ನು ನನ್ನ ತೋರುಬೆರಳಿನ ಬದಲಿಗೆ ತಾನೇ ಒತ್ತಿ ಹಿಡಿಯುತ್ತದೆ, ಕಂಬಿಗಳ ನಡುವಿನ ಮನೆಯಿಂದ ಮನೆಗೆ ಮೇಲೆ ಸರಿಸಿದಷ್ಟೂ ಶ್ರುತಿ ಏರುತ್ತದೆ. ಒಂದೇ ತೊಂದರೆ, ಅದನ್ನು ತೆರೆಯಲು ಮುಷ್ಟಿಯಲ್ಲಿ ಬಲ ಬೇಕು. ಕೈಲಾಗದವರಿಗೆಂದು ಇರುವ ಸಾಧನಕ್ಕೆ ಕೈಲಾಗುವವರು ಬೇಕು. ನಾನು ಬಲಗೈಯಲ್ಲಿ ತೆರೆಯುತ್ತಿದ್ದೆ.

ಎರಡೇ ಬೆರಳಿನಲ್ಲಿ ಹಿಡಿಯಬಹುದಾದ ಕಾರ್ಡ್‌ಗಳನ್ನು ಹುಡುಕಿದೆ. ಆರು ತಂತಿಯ ಬದಲು ಮೂರನ್ನೇ ಮೀಟಿದೆ. ಧಾಟಿ ಮೆಲ್ಲಗೆ ಎದ್ದು ಕೂತಿತು. ಎಲ್ಲವೂ ಇತ್ತು, ತೂಗು ಒಂದನ್ನು ಬಿಟ್ಟು. ಪ್ರತಿ ಸಾಲಿನ ಕೊನೆಗೆ ಉಂಗುರದ ಬೆರಳು ತಂತಿಯ ಹತ್ತಿರ ಹೋಗಿ, ನಮಸ್ಕಾರ ಹಾಕಿ, ಹಿಂದಿರುಗುತ್ತಿತ್ತು. ಮೂರು ವಾರ ಹೀಗೇ. ದಿನಕ್ಕೆ ಮೂವತ್ತೇ ಕಾಳು, ಹತ್ತೇ ನಿಮಿಷ ಗಿಟಾರ್. ತಕ್ಕಡಿಯಲ್ಲಿ ಐದು ರಸಬಾಳೆಯವರೆಗೆ ಬಂದೆ. ತೂಗು ಬರಲಿಲ್ಲ. ಕೊನೆಗೆ ಅದನ್ನು ರಜೆಗೆ ಕಳಿಸಿ, ಆ ಜಾಗದಲ್ಲಿ ಸುಮ್ಮನೆ ಒಂದು ಕ್ಷಣ ನಿಲ್ಲುವುದೆಂದು ತೀರ್ಮಾನಿಸಿದೆ. ಬೇರೆ ಯಾರಿಗೂ ತಿಳಿಯದು. ಅಕ್ಕನಿಗೆ ತಿಳಿಯುತ್ತದೆ.

ಶಾಸ್ತ್ರದ ದಿನ ಅಮ್ಮ ಮುಂಚೆಯೇ ಹೋಗಿದ್ದಳು. ನಾನು ಗಿಟಾರ್ ಹೊತ್ತು ನರಸೀಪುರದ ಬಸ್ ಹತ್ತಿದೆ. ಕಂಡಕ್ಟರ್ ನನ್ನ ಆಧಾರ್ ನೋಡಿ ಸೊನ್ನೆಯ ಟಿಕೆಟ್ ಹರಿದುಕೊಟ್ಟರು. ಆಮೇಲೆ ಪಕ್ಕದ ಸೀಟಿನಲ್ಲಿ ಕಿಟಕಿಗೊರಗಿ ಕೂತಿದ್ದ ಗಿಟಾರಿನ ಕಡೆ ತಿರುಗಿದರು.

"ಇವ್ರುದು ಆಧಾರ್ ಎಲ್ಲಿ?"

"ಅದು ಗಿಟಾರು ಸರ್."

"ಗೊತ್ತಮ್ಮ. ಎಣ್ಣಾದ್ರೆ ಫ್ರೀ, ಗಂಡಾದ್ರೆ ಟಿಕೆಟ್ ತಗೋಬೇಕು."

ಹಿಂದಿನ ಸೀಟಿನ ಅಜ್ಜಿ ತಲೆ ಚಾಚಿ, "ಸೊಂಟ ನೋಡುದ್ರೆ ತಿಳ್ಯಾಕಿಲ್ವ? ಎಣ್ಣು ಕನ ಬುಡು" ಎಂದು ತೀರ್ಪು ಕೊಟ್ಟಿತು. ಬಸ್ಸೆಲ್ಲ ನಕ್ಕಿತು. ಗಿಟಾರನ್ನು ತೊಡೆಯ ಮೇಲಿಟ್ಟುಕೊಳ್ಳುವ ಶರತ್ತಿನ ಮೇಲೆ ಬಿಟ್ಟರು.

ದೊಡ್ಡಮ್ಮನ ಮನೆಯ ಹಜಾರದಲ್ಲಿ ತೊಟ್ಟಿಲು ಕಟ್ಟಿತ್ತು. ಮೂಲೆಯಲ್ಲಿ ಭಾವನ ಸ್ಪೀಕರ್, ಯಾರೋ ಅದರ ಮೇಲೂ ಒಂದು ಸೇವಂತಿಗೆ ಇಟ್ಟಿದ್ದರು. ಅಕ್ಕ ಕಂಬಳಿ ಹೊದ್ದು ಚಾಪೆಯ ಮೇಲೆ ಕೂತಿದ್ದಳು. ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಎರಡೂ ಕಿವಿಗೆ ಹತ್ತಿ. ಬಾಣಂತಿಯ ಕಿವಿಗೆ ಗಾಳಿ ಹೋಗಬಾರದೆಂದು ದೊಡ್ಡಮ್ಮನ ಕಟ್ಟಪ್ಪಣೆ.

"ಚೆನ್ನಾಗಿದ್ಯಾ?" ಎಂದೆ.

"ಅನ್ನ ಆಯ್ತು" ಎಂದಳು ಅಕ್ಕ.

ನನಗೆ ಒಳಗೊಳಗೇ ಒಂದು ನೆಮ್ಮದಿ. ತೂಗು ಇಲ್ಲದ್ದು ಇವಳಿಗೂ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಬೇಸರವೂ ಆಯಿತು.

"ದೊಡ್ಡಮ್ಮ, ನಾನು ಬಾರ್ಸೋವಾಗ ಹತ್ತಿ ತೆಗೀಲಿ. ಐದೇ ನಿಮಿಷ."

"ಅದೊಂದ್ ಮಾತ್ ಬುಟ್ಟು ಬ್ಯಾರೆ ಏನಾರ ಕೇಳವ್ವ. ಐದ್ ನಿಮಿಸ ಗಾಳಿ ಓದ್ರೆ ಐವತ್ ವರ್ಸ ತಲೆನೋವು. ಈಗ ಆಡಾದಾ ಬ್ಯಾಡ್ವಾ?"

ಮಗುವನ್ನು ತೊಟ್ಟಿಲಿಗೆ ಹಾಕಿದರು. ಅದು ಕಣ್ಣು ಬಿಟ್ಟುಕೊಂಡು ತೊಲೆಯನ್ನು ನೋಡುತ್ತಿತ್ತು. ದೊಡ್ಡಮ್ಮ ತೊಟ್ಟಿಲ ಹಗ್ಗ ಹಿಡಿದು ಹಾಡಲು ಶುರು ಮಾಡಿದರು, ನಾನು ಜೊತೆ ಸೇರಿದೆ. ಮೊದಲ ನುಡಿ ಸುಸೂತ್ರವಾಗಿ ಹೋಯಿತು. ಎರಡನೆಯದಕ್ಕೆ ದೊಡ್ಡಮ್ಮನಿಗೆ ಹುರುಪು ಬಂದು ಶ್ರುತಿ ಒಂದು ಮೆಟ್ಟಿಲು ಏರಿತು. ಅವರು ಹಾಡುವುದೇ ಹಾಗೆ. ಫೋನಿನಲ್ಲಿ ಒಬ್ಬಳೇ ನುಡಿಸಿ ನುಡಿಸಿ ನಾನು ಮರೆತಿದ್ದೆ. ಕೇಪೋ ಸರಿಸಬೇಕು, ಆದರೆ ಬಲಗೈ ಮೀಟುತ್ತಿದೆ, ಎಡಗೈಗೆ ತೆರೆಯುವ ಬಲವಿಲ್ಲ. ಪಕ್ಕದಲ್ಲಿ ಫೋನನ್ನು ಚೊಂಬಿಗೆ ಒರಗಿಸಿ ವಿಡಿಯೊ ಮಾಡುತ್ತಿದ್ದ ಭಾವನ ಕಡೆ ನೋಡಿದೆ.

"ಭಾವ! ಆ ಕ್ಲಿಪ್ಪು! ಒಂದು ಮನೆ ಮೇಲಕ್ಕೆ!"

"ಯಾವ್ ಮನೆ?"

"ಗಿಟಾರಿನ ಮನೆ! ಕಂಬಿ ದಾಟ್ಸಿ!"

ಭಾವ ಬಗ್ಗಿ ಕ್ಲಿಪ್ಪನ್ನು ಒಂದು ಮನೆ ಕೆಳಕ್ಕೆ ಇಳಿಸಿದರು. ಗಿಟಾರ್ ಗೋಳಿಟ್ಟಿತು. ಮತ್ತೆ ಎರಡು ಮನೆ ಏರಿಸಿದರು. ಅಷ್ಟರಲ್ಲಿ ದೊಡ್ಡಮ್ಮ, ಹಾಡು ನಿಲ್ಲಿಸದೆಯೇ, ಕೈಗೆ ಸಿಕ್ಕದ್ದನ್ನು ನುಡಿಗೆ ಸೇರಿಸತೊಡಗಿದ್ದರು: ಅಪ್ಪನ ಪೆಟ್ಟಿಗೆಗೆ ಬಾಯಿಲ್ಲ ಕಂದ, ಚಿಕ್ಕಿಯ ಪೆಟ್ಟಿಗೆಗೆ ಹೊಟ್ಟೇಲಿ ತೂತು, ಜೋ ಜೋ. ಹೆಂಗಸರೆಲ್ಲ ಗೊಳ್ಳೆಂದರು. ದೊಡ್ಡಮ್ಮ ಇನ್ನಷ್ಟು ಏರಿದರು. ಭಾವ ಈಗ ಕೆಲಸ ಕಲಿತಿದ್ದರು. ನಾನು ಹುಬ್ಬು ಹಾರಿಸಿದ ಕೂಡಲೇ ಕ್ಲಿಪ್ಪು ಏರುತ್ತಿತ್ತು. ಅವರ ಮುಖದಲ್ಲಿ ಸ್ಪೀಕರಿನ ನೆನಪೂ ಉಳಿದಂತಿರಲಿಲ್ಲ.

ಆರನೆಯ ನುಡಿಯ ಹೊತ್ತಿಗೆ ನಾವು ಕುತ್ತಿಗೆಯ ನಡುವಿಗೆ ಬಂದುಬಿಟ್ಟಿದ್ದೆವು. ಅಲ್ಲಿ ಮನೆಗಳು ಕಿರಿದು, ಬೆರಳು ಅಷ್ಟು ಚಾಚಬೇಕಿಲ್ಲ, ಕ್ಲಿಪ್ಪಿನ ಮಗ್ಗುಲಲ್ಲೇ ತಂತಿ ತಗ್ಗಾಗಿ ಮಲಗಿರುತ್ತದೆ. ಇದನ್ನೆಲ್ಲ ನಾನು ಆಮೇಲೆ ಯೋಚಿಸಿದ್ದು. ಆಗ ದೊಡ್ಡಮ್ಮನನ್ನು ಅಟ್ಟಿಸಿಕೊಂಡು ಹೋಗುವುದರಲ್ಲೇ ಮುಳುಗಿದ್ದೆ. ಸಾಲಿನ ಕೊನೆಗೆ ಉಂಗುರದ ಬೆರಳು ಎಂದಿನಂತೆ ನಮಸ್ಕಾರ ಹಾಕಲು ಹೋಯಿತು, ಹೋದದ್ದು ಒತ್ತಿಬಿಟ್ಟಿತು. ಸ್ವರ ಒಮ್ಮೆ ಮೇಲೆ ಹೋಗಿ ಇಳಿಯಿತು.

ತೊಟ್ಟಿಲ ಕಡೆ ನೋಡಿದೆ. ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು. ಯಾವ ನುಡಿಯಲ್ಲೋ ಏನೋ! ಅಕ್ಕನ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಕಣ್ಣು ಅಗಲಿಸಿ. ನನ್ನ ಕಡೆಯ ಕಿವಿಯ ಮೇಲೆ ಬಟ್ಟೆ ಸ್ವಲ್ಪ ಮೇಲೆ ಸರಿದಿತ್ತು. ಮಡಿಲಲ್ಲಿದ್ದ ಕೈಯನ್ನು ಒಂದೇ ಒಂದು ಕ್ಷಣ ಬಿಚ್ಚಿ ತೋರಿಸಿ ಮುಚ್ಚಿದಳು. ಅಂಗೈಯಲ್ಲಿ ಹತ್ತಿಯ ಉಂಡೆ.

ಹೋಳಿಗೆ ಊಟವಾದ ಮೇಲೆ ನಾನು ಎಲ್ಲರನ್ನೂ ಕೇಳುತ್ತಾ ಬಂದೆ. ಆರನೆಯ ನುಡಿಯ ಎರಡನೆಯ ಸಾಲಿನ ಕೊನೆಯಲ್ಲಿ ಏನಾದರೂ ಕೇಳಿಸಿತೇ? ಅಮ್ಮ, "ಕುಕ್ಕರ್ ಕೂಗ್ತು" ಎಂದಳು. ದೊಡ್ಡಮ್ಮ ತಮ್ಮ ಗಂಟಲ ಬಗ್ಗೆ ಹೇಳಿದರು. ಭಾವನ ಹತ್ತಿರ ವಿಡಿಯೊ ಇತ್ತಲ್ಲ! ಇಬ್ಬರೂ ತಲೆಗೆ ತಲೆ ತಾಗಿಸಿ ನೋಡಿದೆವು. ಐದನೆಯ ನುಡಿಯ ನಡುವಿನಲ್ಲಿ ಶಾಮಿಯಾನದವನ ಫೋನ್ ಬಂದು ರೆಕಾರ್ಡಿಂಗ್ ನಿಂತುಹೋಗಿತ್ತು.

"ನಂಗೊತ್ತಿಲ್ವಾ, ಚೆನ್ನಾಗ್ ಬಾರ್ಸುದ್ರಿ ಬುಡಿ" ಎಂದರು ಭಾವ. "ಕ್ಲಿಪ್ ಆಕಿದ್ದು ಯಾರು ಮತ್ತೆ?"

ಸಂಜೆ ಹೊರಡುವಾಗ, ದೊಡ್ಡಮ್ಮ ಸಾಂಬ್ರಾಣಿಗೆ ಕೆಂಡ ತರಲು ಒಳಗೆ ಹೋದ ಹೊತ್ತು ನೋಡಿ, ಅಕ್ಕ ನನ್ನ ಎಡಗೈಯನ್ನು ಎಳೆದುಕೊಂಡಳು. ಉಂಗುರದ ಬೆರಳನ್ನು ಹಿಡಿದು ಒಮ್ಮೆ ಹಿಸುಕಿ, "ಬಂತಲ್ಲೇ" ಎಂದಳು.

"ಎಲ್ಲರ ಮುಂದೆ ಹೇಳು ಮತ್ತೆ!"

"ಅಮ್ಮ ಕೊಂದಾಕ್ತಾಳೆ ಕಣೇ" ಎಂದವಳೇ, ದೊಡ್ಡಮ್ಮನ ಹೆಜ್ಜೆ ಕೇಳಿ ಬಟ್ಟೆ ಕೆಳಗೆಳೆದುಕೊಂಡು, ನನಗೆ ಗಟ್ಟಿಯಾಗಿ ಹೇಳಿದಳು: "ಅನ್ನ ಆಯ್ತು!"

ಆ ದಿನದ ಪುಟದಲ್ಲಿ ಹೀಗಿದೆ: ತೂಗು, ಒಂದು ಸಲ. ಸಾಕ್ಷಿ, ಒಬ್ಬರು. ಸಾಕ್ಷಿಯ ಹೆಸರು ಬರೆಯುವಂತಿಲ್ಲ. ದೊಡ್ಡಮ್ಮ ಆಗಾಗ ನಮ್ಮ ಮನೆಗೆ ಬರುತ್ತಾರೆ, ಕೈಗೆ ಸಿಕ್ಕದ್ದನ್ನೆಲ್ಲ ಓದುತ್ತಾರೆ.